ಒಳಗಿನ ತಗಡು

ಮೂರನೇ ಪೀರಿಯಡ್ಡಿನಲ್ಲಿ ಬೋರ್ಡಿನ ಮೇಲೆ ‘ಬ್ರಿಟಿಷರ ಕರನೀತಿ’ ಎಂದು ಬರೆಯಹೊರಟ ರಮಾಕಾಂತ ‘ಕರ’ ಎಂಬಲ್ಲಿ ನಿಂತುಬಿಟ್ಟ. ಸೀಮೆಸುಣ್ಣ ಹಿಡಿದ ಕೈ ಮೂಗಿನ ಮಟ್ಟಕ್ಕೆ ಬಂದಿತ್ತು. ಬೆಳಿಗ್ಗೆಯಿಂದ ಆ ಕೈಯನ್ನು ಅವನು ನಾಲ್ಕು ಸಲ ತೊಳೆದಿದ್ದ. ಒಮ್ಮೆ ಮೈಸೋಪಿನಿಂದ, ಒಮ್ಮೆ ಬಟ್ಟೆಸೋಪಿನಿಂದ, ಒಮ್ಮೆ ಕ್ಯಾಂಟೀನಿನವನು ಹಿಂಡಿ ಬಿಸಾಡಿದ್ದ ನಿಂಬೆಹೋಳಿನಿಂದ, ಕೊನೆಗೆ ಕೆಮಿಸ್ಟ್ರಿ ಲ್ಯಾಬಿನಲ್ಲಿ ಕೇಳಿ ಇಸಿದುಕೊಂಡ ಸ್ಪಿರಿಟ್ಟಿನಿಂದ. ಈಗ ಕೈಯಿಂದ ಸೋಪೂ ಬರುತ್ತಿರಲಿಲ್ಲ, ನಿಂಬೆಯೂ ಬರುತ್ತಿರಲಿಲ್ಲ. ಅವೆಲ್ಲದರ ಅಡಿಯಿಂದ, ಯಾವ ಗಡಿಬಿಡಿಯೂ ಇಲ್ಲದೆ, ತಾರ್ಲೆ ಮೀನಿನ ಎಣ್ಣೆಯ ವಾಸನೆ ಎದ್ದು ಬರುತ್ತಿತ್ತು. ಬೆನ್ನ ಹಿಂದೆ ಬಿ.ಎ. ಎರಡನೇ ವರ್ಷದ ನಲವತ್ತೆಂಟು ಮೂಗುಗಳು ಕೂತಿದ್ದವು. ಮೊದಲ ಬೆಂಚಿನ ಹುಡುಗಿ ಎದ್ದು ಹೋಗಿ ಕಿಟಕಿ ತೆರೆದಳು. “ಸೆಕೆ ಆತು ಸರ್,” ಎಂದಳು. ಅವನು ಕೇಳಿರಲಿಲ್ಲ. ಕೇಳದೆ ಯಾಕೆ ಹೇಳಿದಳು? ಮಾರ್ಚಿನ ಕುಮಟೆಯಲ್ಲಿ ಸೆಕೆಯಾಗುವುದು ಹೇಳಿ ತಿಳಿಯಬೇಕಾದ ಸಂಗತಿಯೇ? ಎಡಗೈಗೆ ಸೀಮೆಸುಣ್ಣ ದಾಟಿಸಿ ಬಲಗೈಯನ್ನು ಪ್ಯಾಂಟಿನ ಜೇಬಿಗಿಳಿಸಿ ಅವನು ‘ನೀತಿ’ಯನ್ನು ಸೊಟ್ಟಗೆ ಬರೆದು ಮುಗಿಸಿದ.

ಸಂಜೆ ನಾಲ್ಕಕ್ಕೆ ಚೇರ್ಮನ್ನರು ಬರುತ್ತಾರೆ. ಬಂದು ಕಾರಿನ ಒಳಗೆ ಕೂರುತ್ತಾರೆ. ಕೂತವರು ಉಸಿರೆಳೆದುಕೊಳ್ಳುತ್ತಾರೆ, ಯಾರಾದರೂ ಎಳೆದುಕೊಳ್ಳಲೇಬೇಕಲ್ಲ. ಆ ಒಂದು ಉಸಿರಿನ ಮೇಲೆ ತನ್ನ ಪ್ರಿನ್ಸಿಪಾಲಗಿರಿ ನಿಂತಿದೆ ಎಂಬುದು ರಮಾಕಾಂತನಿಗೆ ಖಾತ್ರಿಯಾಗಿತ್ತು. ಕಾರು ಕಾಲೇಜಿನ ಸಂಸ್ಥಾಪಕ ದೊಡ್ಡ ಹೆಗಡೆಯವರದು. ಐವತ್ತಾರನೇ ಇಸವಿಯ ಫಿಯಟ್. ಅದರ ಗುಂಡುಬೆನ್ನು, ಗುಂಡುಮೂತಿ ನೋಡಿ ಪೇಟೆಯ ಕೊಂಕಣಿಗರು ಡುಕ್ಕರ್ ಎನ್ನುತ್ತಿದ್ದರು, ಅಂದರೆ ಹಂದಿ. ದೊಡ್ಡ ಹೆಗಡೆಯವರು ತೀರಿಕೊಂಡ ಮೇಲೆ ಇಪ್ಪತ್ತೆರಡು ವರ್ಷ ಕಾಲೇಜಿನ ಹಿಂದಿನ ಶೆಡ್ಡಿನಲ್ಲಿ, ಮುರಿದ ಬೆಂಚುಗಳ ನಡುವೆ, ಅದು ಸಮುದ್ರದ ಗಾಳಿ ತಿನ್ನುತ್ತ ಕೂತಿತ್ತು. ಗಾಳಿ ಅದನ್ನು ತಿನ್ನುತ್ತ ಕೂತಿತ್ತು ಎಂದರೂ ಆದೀತು. ಬರುವ ಆದಿತ್ಯವಾರ ಕಾಲೇಜಿಗೆ ಐವತ್ತು ತುಂಬುತ್ತದೆ. ಮುಖ್ಯ ಅತಿಥಿಗಳನ್ನು ಗೇಟಿನಿಂದ ವೇದಿಕೆಗೆ ಅಪ್ಪನ ಕಾರಿನಲ್ಲೇ ಕರೆತರಬೇಕೆಂದು ಮಗ ವಿಘ್ನೇಶ್ವರ ಹೆಗಡೆಯವರು, ಈಗಿನ ಚೇರ್ಮನ್ನರು, ಠರಾಯಿಸಿದ್ದರು. ಎಂಜಿನ್ನು ಹುಬ್ಬಳ್ಳಿಗೆ ಹೋಗಿ ಬಂತು. ಹೊರಗಿನ ಬಣ್ಣ ಹೊನ್ನಾವರದಲ್ಲಿ ಆಯಿತು. ಒಳಗು ಮಾತ್ರ ಯಾರಿಗೂ ಬೇಡವಾಗಿತ್ತು. ಸೀಟು ಹೊಲಿಯುವ ಭಟ್ಕಳದ ಸಾಹೇಬರು ಬಂದು, ನೆಲದ ತಗಡಿಗೆ ಬೆರಳೊತ್ತಿ, ಬೆರಳು ಆಚೆ ಹೋದದ್ದನ್ನು ತೋರಿಸಿ, “ಪೈಲೇ ಇದನ್ನ ಸರಿ ಮಾಡ್ಸಿ, ತುಕ್ಕಿನ ಮೇಲೆ ರೆಕ್ಸಿನ್ ಹೊಲಿಯೋದು ನಮ್ಮಿಂದ ಆಗಲ್ಲ,” ಎಂದು ಬಸ್ಸು ಹತ್ತಿದ್ದರು. ಆಗ ಮೀಟಿಂಗಿನಲ್ಲಿ ಎದ್ದು ನಿಂತು, “ಒಳಗಿನದ್ದು ನನಗೆ ಬಿಡಿ ಸರ್,” ಎಂದವನು ರಮಾಕಾಂತ.

ಮೇ ತಿಂಗಳಲ್ಲಿ ಈಗಿನ ಪ್ರಿನ್ಸಿಪಾಲರು ನಿವೃತ್ತರಾಗುತ್ತಾರೆ. ಸೀನಿಯಾರಿಟಿಯ ಪಟ್ಟಿಯಲ್ಲಿ ರಮಾಕಾಂತ ಮೊದಲು, ಕಾಮರ್ಸಿನ ದಿನಕರ ಶಾನಭಾಗ ಎರಡನೆಯವನು. ಆದರೆ ಪಟ್ಟಿ ಕಪಾಟಿನಲ್ಲಿತ್ತು, ಕುರ್ಚಿ ಚೇರ್ಮನ್ನರ ಕೈಯಲ್ಲಿತ್ತು. ಆಡಳಿತ ಮಂಡಳಿಯನ್ನು ಸ್ಟಾಫ್ ರೂಮಿನಲ್ಲಿ ‘ಆಡಳಿತ ಮಂಡೆಹುಳಿ’ ಎಂದವನು ರಮಾಕಾಂತನೇ. ಸುವರ್ಣ ಮಹೋತ್ಸವದ ಕರಡು ಪತ್ರಿಕೆ ಬಂದಾಗ, “ಸು-ವರ್ಣ ಮಹೋತ್ಸವ, ವರ್ಣ ಚೊಲೋ ಇದ್ದವರಿಗೆ,” ಎಂದು ಬಿಡಿಸಿ ಹೇಳಿ ಎಲ್ಲರನ್ನೂ ನಗಿಸಿದವನೂ ಅವನೇ. ನಗಿಸಿದ ಮಾತು ಯಾರ ಬಾಯಿಂದ ಯಾರ ಕಿವಿಗೆ ಹೋಗಿರಬಹುದೆಂದು ಮೂರು ದಿನ ಊಟ ಸೇರದೆ ಓಡಾಡಿದವನೂ ಅವನೇ. ದೊಡ್ಡ ಹೆಗಡೆಯವರ ಮೂಗುದನಿ, ಅಂಕೋಲೆ ಸ್ಟೇಷನ್ನಿನ ಅನೌನ್ಸರಳ ರಾಗ, ಟ್ರೆಜರಿಯ ಗುಮಾಸ್ತನ ಕೆಮ್ಮು, ಎಲ್ಲವೂ ಅವನ ಗಂಟಲಲ್ಲಿ ಬಾಡಿಗೆಗಿದ್ದವು. ಹಾಜರಿ ಪುಸ್ತಕದಲ್ಲಿ ‘ರಮಾಕಾಂತ ಎ.’ ಎಂದು ಸಹಿ ಮಾಡುತ್ತಿದ್ದ. ಎ ಅಂದರೆ ಎಂತ ಎಂದು ಹೊಸಬರು ಕೇಳಿದರೆ, “ಅಘನಾಶಿನಿ, ನನ್ನ ಊರು,” ಎನ್ನುತ್ತಿದ್ದ. ಅಂಬಿಗ ಎಂದು ಹೇಳಲು ಅವನಿಗೆ ನಾಚಿಕೆ ಇತ್ತೆಂದಲ್ಲ. ಯಾರೂ ಹಾಗೆ ಸರಿಯಾಗಿ ಕೇಳಿರಲಿಲ್ಲ, ಅಷ್ಟೆ. ಕೇಳಬೇಕಾದ ಅಗತ್ಯ ಅವರಿಗೂ ಇರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಕಾರಿನ ಒಳಗು ಮಾಡಲು ಅವನು ಕರೆಸಿದ್ದು ತನ್ನ ಅಣ್ಣ ಮಾಬ್ಲೇಶ್ವರನನ್ನು. ತದಡಿಯ ಬಂದರಿನಲ್ಲಿ ದೋಣಿಗಳ ಎಂಜಿನ್ನು, ತಗಡು, ಬೋಲ್ಟುಗಳ ಜೊತೆ ಮೂವತ್ತು ವರ್ಷ ಕಳೆದ ಮನುಷ್ಯ; ಉಪ್ಪು ಕಬ್ಬಿಣವನ್ನು ಎಲ್ಲಿಂದ ಹಿಡಿಯುತ್ತದೆಂದು ಅವನಷ್ಟು ಬಲ್ಲವರು ಆ ದಂಡೆಯಲ್ಲಿ ಇರಲಿಲ್ಲ. ಹತ್ತು ದಿನ ಮೊದಲ ಬಸ್ಸಿಗೆ ಬಂದು ಕೊನೆಯ ಬಸ್ಸಿಗೆ ಹೋದ. ಸೀಟುಗಳನ್ನು ಕಳಚಿದ. ಬಾಗಿಲಿನ ಕೊಂಡಿ, ಗಾಜು ಇಳಿಸುವ ಹಿಡಿ, ಸೀಟು ಜಾರುವ ಹಳಿ, ಎಲ್ಲವನ್ನೂ ಮುರುಗಲು ಸಿಪ್ಪೆ ನೆನೆಸಿದ ಡ್ರಮ್ಮಿನ ಹುಳಿನೀರಿನಲ್ಲಿ ಮುಳುಗಿಸಿಟ್ಟ. ಮರುದಿನ ತೆಗೆದು ತಂತಿಬ್ರಶ್ಶಿನಲ್ಲಿ ಉಜ್ಜಿದರೆ ತುಕ್ಕು ಕೆಂಪು ರಾಡಿಯಾಗಿ ಕಳಚಿ ಕೆಳಗಿನ ಕಬ್ಬಿಣ ಬೂದಿಬಣ್ಣದಲ್ಲಿ ಕಾಣುತ್ತಿತ್ತು. ತೂತುಬಿದ್ದ ನೆಲಕ್ಕೆ ಹೊಸ ತಗಡು ಬೆಸೆದ. ರೆಡ್ ಆಕ್ಸೈಡ್ ಬಳಿದ. ಒಂದು ಸಂಜೆ ರಮಾಕಾಂತನೂ ಅಂಗಿ ಕಳಚಿ ಪಾಲಿಶ್ ಕಾಗದ ಹಿಡಿದು ಡ್ಯಾಶ್‌ಬೋರ್ಡಿನ ತಗಡು ತಿಕ್ಕಿದ್ದ. ಕಂದು ಹುಡಿ ಮೊಣಕೈವರೆಗೆ ಅಂಟಿ, ಅದರಡಿಯಿಂದ ಗಡಿಯಾರ ಕೂರಿಸುವ ದುಂಡನೆಯ ಜಾಗ ಮೂಡಿ ಬಂದಾಗ ಅವನಿಗೆ, ಯಾಕೋ, ಹಸಿವೆಯಾಗಿತ್ತು. ಇಬ್ಬರೂ ಮಾತಿಲ್ಲದೆ ಅರ್ಧ ತಾಸು ತಿಕ್ಕಿದ್ದರು. ಆ ಅರ್ಧ ತಾಸಿಗಾಗಿ ಅವನು ಈಗ ಅಣ್ಣನನ್ನು ಇನ್ನಷ್ಟು ದ್ವೇಷಿಸಿದ.

ಯಾಕೆಂದರೆ ಇವತ್ತು ಬೆಳಿಗ್ಗೆ ಏಳೂವರೆಗೆ ಶೆಡ್ಡಿನ ಬಾಗಿಲು ಸರಿಸಿದಾಗ ವಾಸನೆ ಎದ್ದು ಬಂದು ಎದೆಗೆ ಹಾಯ್ದಿತ್ತು. ಸೀಟುಗಳು ಒಳಗೆ ಕೂತಿದ್ದವು, ಭಟ್ಕಳದ ಸಾಹೇಬರು ಮತ್ತೆ ಬಂದು ಹೊಲಿದ ರೆಕ್ಸಿನ್ನು ಕಡುಗೆಂಪಾಗಿ ಹೊಳೆಯುತ್ತಿತ್ತು, ಎಲ್ಲ ಚಂದವಿತ್ತು. ಅವನು ಸೀಟಿನಡಿಗೆ ಕೈಹಾಕಿದ. ಬೆರಳು ಜಾರಿತು.

“ಎಂತ ಮಾಡಿಟ್ಟಿದ್ಯ ಇದು?”

“ಎಣ್ಣೆ ಹೊಡ್ದೆ ತಮಾ, ನಿನ್ನೆ ಸಂಜಿಗೆ,” ಎಂದ ಮಾಬ್ಲೇಶ್ವರ ಬೀಡಿ ಕಿವಿಗೆ ಸಿಕ್ಕಿಸಿಕೊಳ್ಳುತ್ತ. “ಎರಡು ಲೀಟರ್ ಹೋತು. ಹೊಟ್ಟೆ ತುಂಬ ಕುಡೀತು ಪಾಪ.”

“ಯಾರು ಹೇಳಿದ್ರು ನಿಂಗೆ?”

“ಯಾರು ಹೇಳ್ಬೇಕು? ಮಳೆಗಾಲಕ್ಕೆ ಮುಂಚೆ ದೋಣಿಗೆ ಹೊಡೂದು ಯಾರಾದ್ರೂ ಹೇಳಿ ಹೊಡೀತ್ರ?”

“ಇದು ದೋಣಿ ಅಲ್ಲ.”

“ತಗಡು ಹೌದಲ್ಲ. ಬಣ್ಣ ಹೊಡ್ದಿದ್ದೆ ನಾನು, ಇಲ್ಲ ಅಂತ ಹೇಳೂದಿಲ್ಲ. ಸೀಟಿನ ಪೈಪಿನ ಒಳಗೆ ಬ್ರಶ್ ಹೋಗ್ತದ್ಯ? ನೆಲದ ತಗಡು ಮಡಚಿದಲ್ಲಿ ಹೋಗ್ತದ್ಯ? ನಿನ್ನ ಬೆರಳು ಹೋಗ್ತದೆ ಅಂದ್ರೆ ನೀನೇ ಹಚ್ಚು. ಆ ಮಡಿಕೆಯೊಳಗೆ ಮೊದ್ಲಿಂದ್ಲೂ ಎಣ್ಣೆ ಕಪ್ಪಗೆ ಕೂತಿತ್ತು. ಅದು ಇದ್ದಲ್ಲಿ ತುಕ್ಕಿಲ್ಲ, ಅದು ಮುಗ್ದಲ್ಲಿಂದ ತುಕ್ಕು. ಕಣ್ಣಿದ್ದವಂಗೆ ಕಾಣ್ತದೆ.”

“ಎಂಜಿನ್ ಎಣ್ಣೆ ಇರ್ಬೇಕು ಅದು.”

“ಆತು. ಎಂಜಿನ್ ಎಣ್ಣೆ. ನೀ ಓದ್ದವ.”

“ತೆಗಿ ಅದನ್ನ. ಈಗಲೇ ತೆಗಿ.”

“ತೆಗೂಕೆ ಬರೂದಿಲ್ಲ. ಕುಡ್ದದ್ದು ಕಕ್ಕತದ್ಯ ತಗಡು? ಎರಡು ತಿಂಗಳು ಬಿಟ್ರೆ ವಾಸನೆ ತಂತಾನೇ ಹೋಗ್ತದೆ.”

“ಆದಿತ್ಯವಾರ ಕಾರ್ಯಕ್ರಮ ಇಟ್ಕಂಡು ಎರಡು ತಿಂಗಳು ಅಂತಿಯಲ್ಲ.”

“ಹಂಗಾರೆ ತುಕ್ಕಿಗೆ ಒಂದು ಅರ್ಜಿ ಬರಿ, ಐತಾರ ರಜೆ ಮಾಡು ಅಂತ.” ಮಾಬ್ಲೇಶ್ವರ ಬಗ್ಗಿ ಬೋಲ್ಟು ಬಿಗಿಯುವ ಪಾನಾ ಎತ್ತಿಕೊಂಡ. ಆಮೇಲೆ, ತಮ್ಮನ ಮುಖ ನೋಡದೆ, “ಹೆಗಡೇರಿಗೆ ಇದು ಎಂತ ವಾಸನೆ ಅಂತ ಗೊತ್ತಾಗೂದಿಲ್ಲ ತಮಾ. ನಿಂಗೆ ಗೊತ್ತಾಗ್ತದೆ, ಅದೇ ನಿನ್ನ ಪಂಚಾತಿ,” ಎಂದ.

ದಿನಕರ ಶಾನಭಾಗನಿಗೂ ಗೊತ್ತಾಗುತ್ತದೆ. ದಿನಾ ಬೆಳಿಗ್ಗೆ ಮೀನುಪೇಟೆಗೆ ಚೀಲ ಹಿಡಿದು ಹೋಗಿ, ಕಿವಿರು ಎತ್ತಿ ನೋಡಿ, ಚೌಕಾಶಿ ಮಾಡಿ ತರುವವನು ಅವನು. ಆ ಕೊಂಕಣಿ ಬ್ರಾಹ್ಮಣ ಮೀನು ತಿಂದರೆ ರುಚಿ ಬಲ್ಲವನು, ರಮಾಕಾಂತ ತಿಂದರೆ ಅದು ಬೇರೆಯದೇ ಸಂಗತಿ. ಹಾಗೆಂದು ಯಾರೂ ಹೇಳಿರಲಿಲ್ಲ. ಹೇಳದೆಯೇ ಅವನು ಹದಿನೈದು ವರ್ಷದಿಂದ ಕಾಲೇಜಿನ ಡಬ್ಬಿಗೆ ಮೀನು ಹಾಕಿಸಿಕೊಂಡಿರಲಿಲ್ಲ. ಮೊದಮೊದಲು ಹೆಂಡತಿ ನಗುತ್ತಿದ್ದಳು, ಆಮೇಲೆ ಕೇಳದೆಯೇ ಚಿತ್ರಾನ್ನ ಕಟ್ಟತೊಡಗಿದಳು. ಮೂರನೇ ಪೀರಿಯಡ್ಡಿನ ಗಂಟೆ ಹೊಡೆದು ವೆರಾಂಡದಲ್ಲಿ ನಡೆಯುತ್ತಿದ್ದಂತೆ ಅವನ ಕಣ್ಣೆದುರು ಇದ್ದದ್ದು ಬೇರೆ ಇಸವಿಯ ಬೇರೆ ಮಧ್ಯಾಹ್ನ. ಇದೇ ವೆರಾಂಡ. ಅವನು ಬಿ.ಎ. ಮೊದಲ ವರ್ಷ, ಕೈಯಲ್ಲಿ ಲೈಬ್ರರಿ ಪುಸ್ತಕ. ಕೆಳಗೆ ಹಲಸಿನ ಮರದಡಿ ಈ ಕಾರು ನಿಂತಿತ್ತು, ನಡುವಿನ ಕಂಬಕ್ಕೇ ಹಿಮ್ಮುಖವಾಗಿ ತೆರೆಯುವ ಅದರ ಮುಂದಿನ ಬಾಗಿಲು ಬಾಯಿ ತೆರೆದುಕೊಂಡಿತ್ತು. ಆ ಬಾಗಿಲಿನಿಂದ ಎರಡು ಕಾಲು ಹೊರಗೆ ಚಾಚಿದ್ದವು. ಹಿಮ್ಮಡಿಯ ಬಿರುಕು, ಎಡಗಾಲಿನ ಮಡಚಿದ ಕಿರುಬೆರಳು, ಅಪ್ಪನ ಕಾಲು. ಪಕ್ಕದಲ್ಲಿ ದೊಡ್ಡ ಹೆಗಡೆಯವರು ಧೋತರದ ಚುಂಗು ಹಿಡಿದು ನಿಂತು ಏನೋ ಹೇಳುತ್ತಿದ್ದರು. ಅಪ್ಪ ಅಷ್ಟು ದೊಡ್ಡವರ ಕಾರಿನೊಳಗೆ ಮಂಡಿಯೂರಿ ಬೋರಲು ಬಿದ್ದು ಬೇಡುತ್ತಿದ್ದಾನೆ, ತನ್ನ ಸಲುವಾಗಿ, ಫೀಗಾಗಿಯೋ ಹಾಸ್ಟೆಲಿಗಾಗಿಯೋ ಬೇಡುತ್ತಿದ್ದಾನೆ ಎಂದು ಅವನಿಗೆ ಎಷ್ಟು ಖಚಿತವಾಗಿ ಅನಿಸಿತೆಂದರೆ ಇನ್ನೊಮ್ಮೆ ನೋಡುವ ಗೊಡವೆಗೆ ಹೋಗಲಿಲ್ಲ. ಜೊತೆಗಿದ್ದ ಗೆಳೆಯ, “ಯಾರು ಅದು?” ಎಂದ. “ಯಾರೋ,” ಎಂದು ಅವನು ಪುಸ್ತಕವನ್ನು ಎದೆಗವಚಿಕೊಂಡು ಲೈಬ್ರರಿಗೆ ನಡೆದಿದ್ದ. ಅಪ್ಪ ಬೇಡಿದ್ದಕ್ಕೆ ಅಪ್ಪನನ್ನು ಅವನು ಎಂದೂ ಕ್ಷಮಿಸಲಿಲ್ಲ. ಅಪ್ಪ ಸಾಯುವವರೆಗೂ ಆ ವಿಷಯ ಕೇಳಲೂ ಇಲ್ಲ.

ಸ್ಟಾಫ್ ರೂಮಿನಲ್ಲಿ ದಿನಕರ ಕನ್ನಡಕ ಒರೆಸುತ್ತ ಕೂತಿದ್ದ. “ಎಂತ ಮಾಸ್ತರೇ, ಹಂದಿ ಮಿಂದಾಯ್ತ?”

“ಆಯ್ತು. ಸಂಜೆ ನೋಡುವಿಯಂತೆ.”

“ನೋಡುವ ನೋಡುವ. ಇವತ್ತು ಡಬ್ಬಿಯಲ್ಲಿ ಎಂತ ತಂದಿದ್ರಿ?”

“ಚಿತ್ರಾನ್ನ.”

“ಹೌದ? ಚಿತ್ರ ಬೇರೆ ಕಾಣ್ತದಲ್ಲ,” ಎಂದು ದಿನಕರ ಮೂಗನ್ನು ಒಂದೇ ಸಲ, ಬಹಳ ಮೃದುವಾಗಿ ಎಳೆದ.

ರಮಾಕಾಂತ ನಕ್ಕ. ಆ ಮಾತು ತನಗೆ ಹೊಳೆಯಬೇಕಿತ್ತು ಎಂಬ ಸಿಟ್ಟೂ ಆ ನಗೆಯಲ್ಲಿ ಸೇರಿತ್ತು. ಡಬ್ಬಿ ತೆರೆಯದೆ ಪೇಟೆಗೆ ಹೋಗಿ ಎರಡು ಕಟ್ಟು ಊದಿನಕಡ್ಡಿ, ಅರ್ಧ ಕೆಜಿ ಕಾಫಿಪುಡಿ, ಒಂದು ಬಾಟಲಿ ಫಿನಾಯಿಲು ಕೊಂಡು ತಂದ. ಕಾಫಿಪುಡಿಯನ್ನು ಸೀಟಿನಡಿ ಚೆಲ್ಲಿದ. ಫಿನಾಯಿಲಿನಲ್ಲಿ ಬಟ್ಟೆ ಅದ್ದಿ ಬಾಗಿಲುಗಳ ಒಳಮೈ ಒರೆಸಿದ. ಊದಿನಕಡ್ಡಿಗಳನ್ನು ಡ್ಯಾಶಿನ ಬೂದಿಗುಂಡಿಯಲ್ಲಿ ಸಿಕ್ಕಿಸಿ ಹಚ್ಚಿ ಗಾಜು ಮುಚ್ಚಿ ಹೊರಗೆ ನಿಂತ. ಹೊಗೆ ಒಳಗೆ ತುಂಬಿಕೊಂಡಿತು. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆದರೆ ನಾಲ್ಕೂ ವಾಸನೆಗಳು ಬೇರೆ ಬೇರೆಯಾಗಿ, ಒಂದನ್ನೊಂದು ಮುಟ್ಟದೆ, ಸಾಲಾಗಿ ಇಳಿದು ಬಂದವು. ಮೀನಿನದು ಎಲ್ಲರಿಗಿಂತ ಮುಂದಿತ್ತು.

ಕಟ್ಟೆಯ ಮೇಲೆ ಕೂತು ಅವಲಕ್ಕಿ ತಿನ್ನುತ್ತಿದ್ದ ಮಾಬ್ಲೇಶ್ವರ ಎಲ್ಲವನ್ನೂ ನೋಡಿದ. “ಹೆಣದ ತಲೆದೆಸಿಗೆ ಹಚ್ಚಿದಂಗಾತು,” ಎಂದ.

“ನೀನು ಮೂರರ ಬಸ್ಸಿಗೆ ಹೋಗು.”

“ಡ್ಯಾಶಿನ ಎರಡು ಬೋಲ್ಟು ಬಾಕಿ ಉಳ್ದದೆ. ಅದು ಮುಗೀದೆ ಹೋಗೂದಿಲ್ಲ.”

“ನಾಲ್ಕಕ್ಕೆ ಚೇರ್ಮನ್ನರು ಬರ್ತರು.”

“ಬರ್ಲಿ. ನಾನು ಎಂತ ಅವರ ಹೆಗಲ ಮೇಲೆ ಕೂರ್ತ್ನ?”

“ಅಣ್ಣ, ನಿಂಗೆ ತಿಳೂದಿಲ್ಲ. ಇದು ನನ್ನ ಇಪ್ಪತ್ತೈದು ವರ್ಷದ ಪ್ರಶ್ನೆ.”

ಮಾಬ್ಲೇಶ್ವರ ಅವಲಕ್ಕಿಯ ಕೊನೆಯ ಮುಷ್ಟಿಯನ್ನು ಬಾಯಿಗೆ ಹಾಕಿಕೊಂಡು, ಕೈ ಕೊಡವಿ, ನಿಧಾನ ಅಗಿದು ನುಂಗಿದ. “ಹತ್ತು ದಿನ ಈ ತಗಡಿನ ಜೊತೆ ಬಿದ್ದಿದ್ದೆ. ನೀ ಬಂದು ನಿಂತಾಗೆಲ್ಲ ಹಿಂದೆ ತಿರುಗಿ ನೋಡ್ತಿದ್ದಿ, ಯಾರಾದ್ರೂ ಕಂಡ್ರ ಅಂತ. ನಂಗೆ ಕಾಣೂದಿಲ್ಲ ಅಂತ ಮಾಡ್ಕಂಡ್ಯ? ಹೋಗು, ನಿನ್ನ ಹುಡುಗರಿಗೆ ಪಾಠ ಹೇಳು,” ಎಂದು ಪಾನಾ ಹಿಡಿದು ಕಾರಿನೊಳಗೆ ಬೋರಲಾಗಿ ತೂರಿಕೊಂಡ.

ನಾಲ್ಕಕ್ಕೆ ಐದು ನಿಮಿಷವಿರುವಾಗ ಚೇರ್ಮನ್ನರು ಬಂದರು. ಬಿಳಿ ಪಂಚೆ, ಬಿಳಿ ಅಂಗಿ, ಕೈಯಲ್ಲಿ ಹೊಸ ಮೊಬೈಲು. ಹಿಂದೆ, ಕರೆಯದಿದ್ದರೂ, ದಿನಕರ. ಕಾರನ್ನು ಶೆಡ್ಡಿನಿಂದ ಮೈದಾನಕ್ಕೆ ತಳ್ಳಿ ನಿಲ್ಲಿಸಿದ್ದರು, ಮುಂದಿನ ಬಾಗಿಲಿನಿಂದ ಎರಡು ಕಾಲು ಹೊರಗೆ ಚಾಚಿದ್ದವು. ರಮಾಕಾಂತ ಆ ಕಾಲುಗಳನ್ನು ನೋಡಿದ, ತಟ್ಟನೆ ಬೇರೆ ಕಡೆ ನೋಡಿದ. ಚೇರ್ಮನ್ನರು ಹೊರಗಿನ ಬಣ್ಣದ ಮೇಲೆ ಅಂಗೈ ಆಡಿಸುತ್ತ ಒಂದು ಸುತ್ತು ಬಂದರು. ಹಿಂದಿನ ಕಿಟಕಿಗೆ ಬಗ್ಗಿದರು. ಬಗ್ಗಿದವರು ಹಾಗೇ ನಿಂತರು.

ದಿನಕರ ಗಾಳಿಗೆ ಮುಖವೊಡ್ಡಿ, “ಎಂತದೋ ಮಾರ್ಕೆಟ್ಟಿನ ಬದಿಗೆ ಬಂದಂಗೆ ಆತದಲ್ಲ,” ಎಂದ, ಯಾರಿಗೂ ಅಲ್ಲವೆಂಬಂತೆ.

ಈ ಕ್ಷಣದಲ್ಲಿ ಮಾತಾಡದಿದ್ದರೆ ಮುಗಿಯಿತು ಎಂದು ರಮಾಕಾಂತನಿಗೆ ಅನಿಸಿತು. ಅನಿಸುವ ಮೊದಲೇ ಬಾಯಿ ಶುರುಮಾಡಿತ್ತು. “ಅದೇ ಸರ್, ಹೇಳೂಕೆ ಬಂದೆ. ಕೆಲಸದವ ಎಡವಟ್ಟು ಮಾಡಿದ್ದಾನೆ. ಅಘನಾಶಿನಿ ಬದಿಯವ, ದೋಣಿ ರಿಪೇರಿಯವ. ರೆಡ್ ಆಕ್ಸೈಡ್ ಹಚ್ಚು ಅಂದ್ರೆ ಮೀನೆಣ್ಣೆ ಹೊಡ್ದು ಕೂತಿದ್ದಾನೆ. ಆ ಜನಕ್ಕೆ ಎಷ್ಟು ಹೇಳಿದ್ರೂ ಅಷ್ಟೇ ಸರ್. ಎಂತ ಮಾಡಿದ್ಯ ಅಂತ ಕೇಳಿದ್ರೆ…” ಅವನ ಕೆಳದುಟಿ ಒಂದು ಬದಿಗೆ ಜೋತಿತು, ಕೈ ಕಿವಿಯ ಹಿಂದೆ ಹೋಗಿ ಇಲ್ಲದ ಬೀಡಿ ಸಿಕ್ಕಿಸಿತು, ದನಿ ಗಂಟಲಿನಿಂದ ಮೂಗಿಗೆ ಏರಿ ಅಲ್ಲಿಂದ ಜಾರಿತು. “‘ಹೊಟ್ಟೆ ತುಂಬ ಕುಡೀತು ಪಾಪ, ಕುಡ್ದದ್ದು ಕಕ್ಕತದ್ಯ ತಗಡು’ ಅಂತಾನೆ.”

ಅದು ಅವನ ಜೀವಮಾನದ ಅತ್ಯಂತ ಕರಾರುವಾಕ್ಕಾದ ಅನುಕರಣೆಯಾಗಿತ್ತು. ದಿನಕರನೇ ಬಾಯಿಬಿಟ್ಟು ನಕ್ಕ. ಚೇರ್ಮನ್ನರ ಹೊಟ್ಟೆ ಅಲುಗಿತು. ಬಾಗಿಲಿನಿಂದ ಚಾಚಿದ್ದ ಕಾಲುಗಳು ಅಲುಗಲಿಲ್ಲ. ಒಳಗೆ ಬೋಲ್ಟು ಬಿಗಿಯುತ್ತಿದ್ದ ಕಿರ್ರ್ ಸದ್ದು ಮಾತ್ರ ನಿಂತಿತು, ಆಮೇಲೆ ಮತ್ತೆ ಶುರುವಾಯಿತು.

“ನಿಮ್ಮ ಪೈಕಿಯವನ?” ಎಂದರು ಚೇರ್ಮನ್ನರು ಕಣ್ಣೊರೆಸಿಕೊಳ್ಳುತ್ತ.

“ಇಲ್ಲ ಸರ್. ಊರಿನವ, ಅಷ್ಟೆ.”

ಮಾಬ್ಲೇಶ್ವರ ಹಿಮ್ಮುಖವಾಗಿ ಜಾರಿ ಹೊರಗೆ ಬಂದು ಎದ್ದು ನಿಂತ. ಲುಂಗಿಗೆ ಕೈ ಒರೆಸಿಕೊಂಡ. ಅವನ ಮುಖದಲ್ಲಿ ಡ್ಯಾಶಿನಡಿಯ ಹುಡಿ ಬಿಟ್ಟರೆ ಏನೂ ಇರಲಿಲ್ಲ. “ಓಡ್ಸೂಕೆ ಬರ್ತದ್ಯ ನಿಂಗೆ?” ಎಂದು ಚೇರ್ಮನ್ನರು ಕೇಳಿದರು. ಬರ್ತದೆ ಎಂದ. “ಹಂಗಾರೆ ಮೈದಾನಕ್ಕೆ ಒಂದು ಸುತ್ತು ಹಾಕು. ಬನ್ನಿ ಮಾಸ್ತರೇ, ಕೂತು ನೋಡುವ.” ಚೇರ್ಮನ್ನರು ಬಲಗಡೆಯಿಂದ ಹಿಂದಿನ ಸೀಟಿಗೆ ಹತ್ತಿದರು. ರಮಾಕಾಂತ ಎಡಗಡೆಯಿಂದ. ದಿನಕರ ಬಹಳ ಮರ್ಯಾದೆಯಿಂದ ಅವನ ಬಾಗಿಲನ್ನು ಹೊರಗಿನಿಂದ ಹಾಕಿ ಗಾಜಿನ ಆಚೆ ನಿಂತು ಮುಗುಳ್ನಕ್ಕ.

ಕಾರು ಎರಡು ಸಲ ಗೊರಕೆ ಹೊಡೆದು ಹೊರಟಿತು. ಬಿಸಿಲಿಗೆ ಕಾದ ತಗಡಿನ ಕೆಳಗೆ ಎಣ್ಣೆ ಮೈಮುರಿದು ಏಳುತ್ತಿತ್ತು, ರೆಕ್ಸಿನ್ನಿನ ಹೊಲಿಗೆಯಿಂದ, ನೆಲದಿಂದ, ಪೈಪಿನ ತುದಿಗಳಿಂದ. ಎದುರಿಗೆ ಅಣ್ಣನ ಕುತ್ತಿಗೆ, ಬೆವರಿನಲ್ಲಿ ತುಕ್ಕಿನ ಹುಡಿ ಗೆರೆಗೆರೆಯಾಗಿ ಇಳಿದಿತ್ತು. ಚೇರ್ಮನ್ನರು ಕಣ್ಣು ಮುಚ್ಚಿ, ಮೂಗಿನಿಂದ ದೀರ್ಘವಾಗಿ ಎಳೆದುಕೊಂಡರು. ಇಷ್ಟೇ, ಎಂದುಕೊಂಡ ರಮಾಕಾಂತ. ಇದೇ ಆ ಉಸಿರು.

“ನಾಳೆಯೊಳಗೆ ತೆಗೆಸ್ತೆ ಸರ್, ಹೊನ್ನಾವರದವರಿಗೆ ಹೇಳಿ…”

“ಮುಟ್ಟಬೇಡಿ.” ಅವರು ಕಣ್ಣು ತೆರೆಯಲಿಲ್ಲ. “ಅಪ್ಪ ಪ್ರತಿ ವರ್ಷ ಮೇ ತಿಂಗಳಲ್ಲಿ ಹೊಡೆಸ್ತಿದ್ದ. ಜೂನ್ ಮುಗಿಯೂವರೆಗೆ ಅಮ್ಮ ಈ ಕಾರು ಹತ್ತತಿರಲಿಲ್ಲ. ನಾವು ಶಾಲೆಯಿಂದ ಇದರಲ್ಲಿ ಬಂದ್ರೆ ಬಾವಿಕಟ್ಟೆಯಲ್ಲೇ ಮೀಯಬೇಕಾಗಿತ್ತು. ಇದು ಎಂತ ವಾಸನೆ ಅಂತ ಕೇಳೂಕೆ ಮಾತ್ರ ಯಾರಿಗೂ ಧೈರ್ಯ ಇರಲಿಲ್ಲ. ಅಘನಾಶಿನಿಯಿಂದ ಬೊಮ್ಮಯ್ಯ ಅಂತ ಒಬ್ಬ ಬರ್ತಿದ್ದ ಡಬ್ಬ ಹಿಡ್ಕಂಡು. ಒಳಗೆ ತೂರಿದ ಅಂದ್ರೆ ಕಾಲು ಮಾತ್ರ ಕಾಣ್ತಿತ್ತು.”

ಕಾರು ಮೈದಾನದ ಮೂಲೆ ತಿರುಗಿತು. ಅಣ್ಣನ ಕುತ್ತಿಗೆ ತಿರುಗಲಿಲ್ಲ. ಅವನಿಗೆ ಗೊತ್ತಿತ್ತು. ಮಡಿಕೆಯೊಳಗಿನ ಕಪ್ಪು ಎಣ್ಣೆ ತಮ್ಮಪ್ಪನ ಕೈಯದೆಂದು ಮೊದಲ ದಿನವೇ ಗೊತ್ತಿತ್ತು ಅವನಿಗೆ.

“ವಿಚಿತ್ರ ಮನುಷ್ಯ,” ಎಂದರು ಚೇರ್ಮನ್ನರು. “ಮಗ ಇಲ್ಲೇ ಓದ್ತಿದ್ದ ಅಂತ ಬಾಯಿ ಬಿಡಲಿಲ್ಲ. ಎರಡು ವರ್ಷ ಬಿಟ್ಟು ಬೇರೆ ಯಾರೋ ಹೇಳಿ ಅಪ್ಪಂಗೆ ತಿಳೀತು. ಫೀ ಮಾಫಿ ಮಾಡ್ತೆ ಅಂದ್ರೆ ಬೇಡ ಅಂದನಂತೆ. ಅಪ್ಪ ಬಹಳ ಸಲ ಹೇಳ್ತಿದ್ದ.” ಈಗ ಅವರು ಕಣ್ಣು ತೆರೆದು ಪಕ್ಕಕ್ಕೆ ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಸಂತೆಯಲ್ಲಿ ಎತ್ತಿನ ಬಾಯಿ ತೆರೆದು ನೋಡುವ ಕುತೂಹಲವಿತ್ತು. “ಬೊಮ್ಮಯ್ಯಂಗೆ ಇಬ್ಬರು ಗಂಡುಮಕ್ಕಳು ಅಲ್ವ ಮಾಸ್ತರೇ?”

ಇಬ್ಬರೂ ಇಲ್ಲೇ ಇದ್ದೇವೆ ಎಂಬ ಮಾತು ಬಾಯಿಯವರೆಗೆ ಬಂತು. ನಾಲಗೆಯ ತುದಿಯಲ್ಲಿ ಅದರ ಭಾರವೂ ಗೊತ್ತಾಯಿತು. ಲೈಬ್ರರಿ ಪುಸ್ತಕದ ರಟ್ಟು ಎದೆಗೆ ಒತ್ತುತ್ತಿತ್ತು, ಗೆಳೆಯ ಪಕ್ಕದಲ್ಲಿ ನಡೆಯುತ್ತಿದ್ದ, ಗಾಜಿನ ಆಚೆ ದೂರದಲ್ಲಿ ದಿನಕರ ಕೈಕಟ್ಟಿ ನಿಂತಿದ್ದ.

“ಇರ್ಬೇಕು ಸರ್,” ಎಂದ ರಮಾಕಾಂತ.

“ಇರ್ಬೇಕು,” ಎಂದು ಚೇರ್ಮನ್ನರು ಆ ಮಾತನ್ನು ಬಾಯಲ್ಲಿ ಒಮ್ಮೆ ಹೊರಳಿಸಿ ನೋಡಿದರು. ಆಮೇಲೆ ಅವನ ಮೊಣಕಾಲನ್ನು ಮೆಲ್ಲಗೆ ತಟ್ಟಿದರು. “ಜೂನ್ ಒಂದರಿಂದ ನೀವೇ ಕೂತ್ಕಳಿ. ಆ ಕುರ್ಚಿಯಲ್ಲಿ ಕೂತವಂಗೆ ದಿನಾ ನಾಲ್ಕು ಜನ ನಾನು ನಿಮ್ಮ ಪೈಕಿ ಅಂತ ಹೇಳ್ಕಂಡು ಬರ್ತರು. ಒಬ್ಬ ಸೀಟು ಕೇಳ್ತ, ಒಬ್ಬ ನೌಕರಿ. ಇರ್ಬೇಕು ಅಂತ ಹೇಳಿ ಕಳ್ಸೂಕೆ ಬಂದ್ರೆ ಸಾಕು, ಮತ್ತೆಂತ ಬೇಡ. ದಿನಕರಂಗೆ ಅದು ಬರೂದಿಲ್ಲ, ಅವಂಗೆ ಎಲ್ಲರೂ ಬೇಕು. ನಿಮಗೆ ಬರ್ತದೆ ಅಂತ ಕೇಳಿದ್ದೆ, ಇವತ್ತು ಕಣ್ಣಾರೆ ನೋಡಿದೆ.”

ಕಾರು ನಿಂತಿತು. ಮೊಬೈಲು ಹಾಡಿತು. ಚೇರ್ಮನ್ನರು ತಮ್ಮ ಬದಿಯ ಬಾಗಿಲು ತೆರೆದು ಇಳಿದು, ಅದನ್ನು ಹಾಗೇ ಹಿಂದೂಡಿ ಮುಚ್ಚಿ, ಅದಕ್ಕೇ ಬೆನ್ನು ಕೊಟ್ಟು ನಿಂತು, “ಇಲ್ಲೇ ಕಾಲೇಜಲ್ಲಿ ಇದ್ದಿ, ಬತ್ತೆ,” ಎಂದು ಮನೆಯ ಮಾತಿಗಿಳಿದರು. ರಮಾಕಾಂತ ಎಡಗಡೆಯ ಬಾಗಿಲನ್ನು ತಡಕಿದ. ಹಿಡಿ ಇರಬೇಕಾದಲ್ಲಿ ಒಂದು ತೂತು, ಅದರ ಸುತ್ತ ಹೊಸ ರೆಕ್ಸಿನ್ನು. ಗಾಜು ಇಳಿಸುವ ಹಿಡಿಯ ಜಾಗದಲ್ಲೂ ಅಷ್ಟೇ. ಮುರುಗಲ ನೀರಿನಿಂದ ಆ ಬದಿಯ ಹಿಡಿಗಳು ಹೊರಗೆ ಬಂದಿರಲೇ ಇಲ್ಲ. ತುಕ್ಕು ಬಿಟ್ಟ ಮೇಲೆ ಅಲ್ಲಿ ಉಳಿದದ್ದು ಏನೂ ಇರಲಿಲ್ಲ. ಅವನು ತೂತಿಗೆ ಬೆರಳು ಹಾಕಿದ. ಎಣ್ಣೆ. ಪ್ರಿನ್ಸಿಪಾಲನಾದೆ ಎಂದುಕೊಂಡ, ಸಂತೋಷ ಎಲ್ಲಿಂದ ಬರುತ್ತದೆಂದು ಕಾದ. ಹೊರಗೆ ದಿನಕರ ಹತ್ತಿರ ಬರುತ್ತಿದ್ದ, ಒಳಗೆ ಕೂತವನು ಯಾಕೆ ಇಳಿಯುತ್ತಿಲ್ಲವೆಂದು ಬಗ್ಗಿ ನೋಡುತ್ತ.

ಮಾಬ್ಲೇಶ್ವರ ಎಂಜಿನ್ನು ಆರಿಸಿದ. ಇಳಿದ. ಕಾರಿನ ಮೂತಿಯ ಕಡೆಯಿಂದ, ಅವಸರವಿಲ್ಲದೆ, ಸುತ್ತು ಹಾಕಿ ಬಂದ. ಮೊಣಕಾಲಿಗೆ ಎತ್ತಿ ಕಟ್ಟಿದ್ದ ಲುಂಗಿಯನ್ನು ಪಾದದವರೆಗೆ ಇಳಿಬಿಟ್ಟುಕೊಂಡ. ಆಮೇಲೆ ಹೊರಗಿನಿಂದ ಬಾಗಿಲು ತೆರೆದು ಒಂದು ಹೆಜ್ಜೆ ಹಿಂದೆ ಸರಿದು ನಿಂತ.

“ಇಳೀರಿ ಸರ್,” ಎಂದ.

ಆ ದನಿಯಲ್ಲಿ ಕುಹಕ ಇರಬಹುದೆಂದು ರಮಾಕಾಂತ ಹುಡುಕಿದ. ಇದ್ದಿದ್ದರೆ ಬದುಕುತ್ತಿದ್ದೆ ಎಂಬಂತೆ ಹುಡುಕಿದ. ಇರಲಿಲ್ಲ. ಕುಮಟೆಯ ಬಸ್‌ಸ್ಟ್ಯಾಂಡಿನಲ್ಲಿ ಯಾರು ಯಾರಿಗೆ ಬೇಕಾದರೂ ಹೇಳುವ ಮಾತಿನ ಹಾಗಿತ್ತು ಅದು. ಅವನು ಒಂದು ಕಾಲು ಹೊರಗಿಟ್ಟ, ಇನ್ನೊಂದನ್ನು ಇಟ್ಟ, ಎದ್ದು ನಿಂತ. ಅವನು ಪೂರ್ತಿ ಇಳಿಯುವವರೆಗೂ ಬಾಗಿಲು ಹಿಡಿದ ಆ ಕೈ ಅಲ್ಲೇ ಇತ್ತು. ಇಳಿದ ಮೇಲೆ ಬಾಗಿಲು ಹಾಕಿದವನೂ ಮಾಬ್ಲೇಶ್ವರನೇ; ಸದ್ದಾಗದಂತೆ, ದೊಡ್ಡವರ ಕಾರಿನ ಬಾಗಿಲು ಹಾಕುವ ಹಾಗೆ.